ಇನ್ನೆರಡು ಕಣ್ಣು

ಜನವರಿ 9

ಪ್ರೀತಿಯ ಭಾವನವರಿಗೆ,

ಮೊದಲು ನನ್ನ ಅಕ್ಷರಕ್ಕೂ ಕಾಗುಣಿತಕ್ಕೂ ಕ್ಷಮೆ ಕೇಳುತ್ತೇನೆ. ಐದನೆಯ ತರಗತಿ ಮುಗಿಸಿದ ಮೇಲೆ ನಾನು ಕೈಯಲ್ಲಿ ಹಿಡಿದದ್ದು ಸೀಮೆಸುಣ್ಣ ಮಾತ್ರ, ಅದೂ ಬಸ್ಸಿನ ಸೀಟಿನ ಬಟ್ಟೆಯ ಮೇಲೆ ಅಳತೆ ಗುರುತು ಹಾಕಲಿಕ್ಕೆ. ಸಾಲುಗಳು ಇಳಿಜಾರಿನಲ್ಲಿ ಓಡುತ್ತಿವೆ. ನೀವು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ. ಇನ್ನೊಂದು ಮಾತು, ಅಕ್ಕನಿಗೆ ತೋರಿಸಬೇಡಿ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮನೆಯಲ್ಲಿ ಯಾರಿಗೆ ಫೋನ್ ಬಂದರೂ ಅಕ್ಕ ಸ್ಪೀಕರ್ ಹಾಕುತ್ತಾಳೆ. ಇದು ಗಂಡಸರ ವಿಷಯ.

ಹೇಗೆ ಶುರು ಮಾಡಲಿ ಎಂದು ತಿಳಿಯದೆ ಮೂರು ಹಾಳೆ ಹರಿದೆ. ಇದು ನಾಲ್ಕನೆಯದು, ನೇರವಾಗಿ ಬರೆದುಬಿಡುತ್ತೇನೆ. ಮದುವೆಯಾಗಿ ಐದು ವರ್ಷವಾದರೂ ನಮಗೆ ಮಕ್ಕಳಾಗದೆ ಇರುವುದಕ್ಕೆ ಕಾರಣ ಅವಳಲ್ಲ, ನಾನು. ಅವಳ ಪರೀಕ್ಷೆಗಳೆಲ್ಲ ಎರಡು ವರ್ಷದ ಹಿಂದೆಯೇ ಸರಿಯಾಗಿ ಬಂದಿದ್ದವು. ನನ್ನದು ಮಾಡಿಸಿದಾಗ ವರದಿಯಲ್ಲಿ ವೀರ್ಯಾಣು ಎಂದು ಬರೆದಿದ್ದ ಕಡೆ ಒಂದು ಸೊನ್ನೆ ಇತ್ತು. ಕಡಿಮೆ ಅಲ್ಲ ಭಾವ, ಸೊನ್ನೆ. ಮತ್ತೆ ಮಾಡಿಸಿದೆ. ಮತ್ತೆ ಸೊನ್ನೆ.

ಹಬ್ಬಕ್ಕೆ ನೆಂಟರೆಲ್ಲ ಸೇರಿದ್ದಾಗ ಅಕ್ಕ ತನ್ನ ಮಕ್ಕಳ ತೊಟ್ಟಿಲು ಕೊಡುತ್ತೇನೆ ಎಂದದ್ದಕ್ಕೆ ನನ್ನ ಹೆಂಡತಿ "ನಮ್ಮ ಮನೇಲಿ ಜಾಗ ಇಲ್ಲ ಅತ್ತಿಗೆ" ಎಂದದ್ದು ನಿಮಗೆ ನೆನಪಿರಬೇಕು. ಅಕ್ಕ ಅಷ್ಟೂ ಜನರ ಎದುರಿಗೆ, "ಜಾಗ ಇಲ್ದೇ ಇರೋದು ಮನೇಲಲ್ಲ, ಇವಳ ಮನಸ್ಸಲ್ಲಿ" ಎಂದಳು. ಅಂದಿನಿಂದ ಹದಿನಾಲ್ಕು ತಿಂಗಳು ಇಬ್ಬರೂ ಮಾತಾಡಿಲ್ಲ. ಆ ದಿನ ನನ್ನ ವರದಿ ನನ್ನ ಹೆಂಡತಿಯ ಕೈಚೀಲದಲ್ಲೇ ಇತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಈಗ ಒಳ್ಳೆಯ ಸುದ್ದಿ. ಹೊಸ ಡಾಕ್ಟರೊಬ್ಬರು ನನ್ನನ್ನು ಪರೀಕ್ಷಿಸಿ ಹೇಳಿದರು: "ನಿಮ್ಮಲ್ಲಿ ಪೈಪು ಕಟ್ಕೊಂಡಿಲ್ಲ, ಕಾರ್ಖಾನೆಯೇ ಮಂದ. ಆದ್ರೆ ಬೀಗ ಹಾಕಿದ ಕಾರ್ಖಾನೇಲೂ ಯಾವುದೋ ಮೂಲೇಲಿ ಒಬ್ಬ ಸುಮ್ನೆ ಕೆಲಸ ಮಾಡ್ತಾ ಕೂತಿರಬಹುದು. ಅವನನ್ನ ಹುಡುಕೋಣ." ಬೀಜವನ್ನು ತೆರೆದು, ಒಳಗಿರುವ ನೂಲಿನಂಥ ಕೊಳವೆಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರಂತೆ. ಸ್ವಲ್ಪ ದಪ್ಪಗೆ ಕಂಡದ್ದನ್ನು ಚೂರು ಕತ್ತರಿಸಿ ಪಕ್ಕದ ಲ್ಯಾಬಿಗೆ ಕೊಡುತ್ತಾರೆ. ಅಲ್ಲಿ ವೀರ್ಯಾಣು ಸಿಕ್ಕರೆ, ಅವಳ ಅಂಡಾಣುವಿನೊಳಗೆ ಒಂದೊಂದನ್ನೇ ಸೂಜಿಯಿಂದ ಇಡುತ್ತಾರೆ. ಕೋಟಿಗಟ್ಟಲೆ ಬೇಡ, ಬೆರಳೆಣಿಕೆಯಷ್ಟು ಸಾಕು. ಸಿಗುವ ಸಾಧ್ಯತೆ ಎಷ್ಟು ಎಂದು ಅವಳು ಕೇಳಿದಳು. "ಅರ್ಧಕ್ಕರ್ಧ. ಆದ್ರೆ ಪದೇ ಪದೇ ತೆರೆಯೋ ಜಾಗ ಅಲ್ಲ ಅದು. ಹುಡುಕೋದು ಒಂದೇ ಸಲ ಅಂತಲೇ ತಿಳ್ಕೊಳ್ಳಿ" ಎಂದರು.

ಅರ್ಧ, ಭಾವ! ಎರಡು ವರ್ಷ ಸೊನ್ನೆಯ ಜೊತೆ ಬದುಕಿದವನಿಗೆ ಅರ್ಧ ಎಂದರೆ ಏನು ಎಂದು ನೀವೇ ಯೋಚಿಸಿ. ಮೂರನೆಯ ಮಹಡಿಯಿಂದ ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಅವಳು ಹಿಂದಿನಿಂದ "ರೀ, ಕಾಲು ಮುರ್ಕೊಂಡ್ರೆ ಅದಕ್ಕೆ ಬೇರೆ ಡಾಕ್ಟರ್ ಹುಡುಕ್ಬೇಕು" ಎಂದು ಕೂಗುತ್ತಿದ್ದಳು. ಆದರೂ ಹೆದರಿಕೆ ಇದೆ. ಗಂಡಸಾಗಿ ನೀವೇ ಹೇಳಿ, ಹೋಗಲೇ?

ನಿಮ್ಮ ಉತ್ತರದ ದಾರಿ ನೋಡುತ್ತಿರುವ,
ಮುಚ್ಚಳ


ಜನವರಿ 17

ಲೋ ಮುಚ್ಚಳ,

ನಿನ್ನ ಭಾವನಿಗೆ ಓದಲು ಬರುವುದಿಲ್ಲ.

ಇಪ್ಪತ್ತನಾಲ್ಕು ವರ್ಷದಿಂದ ಪ್ರತಿದಿನ ಬೆಳಿಗ್ಗೆ ಪೇಪರ್ ಹಿಡಿದು ಕೂರುತ್ತಾರಲ್ಲ, ಅದು ಚಿತ್ರ ನೋಡಲಿಕ್ಕೆ. ನಾನು ಚಹಾ ಕೊಡುವ ನೆಪದಲ್ಲಿ ಪಕ್ಕ ನಿಂತು ತಲೆಬರಹ ಓದುತ್ತೇನೆ. ಲಾರಿ ಓಡಿಸುವಾಗ ಊರಿನ ಬೋರ್ಡುಗಳನ್ನು ಆಕಾರ ನೋಡಿ ಗುರುತು ಹಿಡಿಯುತ್ತಾರೆ. ನಿನ್ನ ಕಾಗದ ಬಂದಾಗ "ನನ್ನ ಹೆಸರಿಗೆ ಬಂದಿದೆ, ಓದು" ಎಂದು ಎದೆ ಉಬ್ಬಿಸಿ ಕೂತರು. ನಾನು ಗಟ್ಟಿಯಾಗಿ ಓದಿದೆ. "ಅಕ್ಕನಿಗೆ ತೋರಿಸಬೇಡಿ" ಎನ್ನುವುದನ್ನೂ ಗಟ್ಟಿಯಾಗಿಯೇ ಓದಿದೆ. ಆಮೇಲೆ ಸೊನ್ನೆಯ ಹತ್ತಿರ ಬಂದಾಗ ನಿಲ್ಲಿಸಿದೆ. ಅವರು, "ಯಾಕೆ ನಿಲ್ಲಿಸ್ದೆ? ಇಂಜಿನ್ ಆಫ್ ಆಯ್ತಾ? ಓದು" ಎಂದರು. ಪೂರ್ತಿ ಓದಿದೆ.

ನಿನ್ನ ಭಾವನ ಉತ್ತರ, ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: "ಮುಚ್ಚಳ, ಓದೋಕೆ ಬರಲ್ಲ ಅನ್ನೋದನ್ನ ನಾನು ನಿನ್ನಿಂದ ಇಷ್ಟು ವರ್ಷ ಮುಚ್ಚಿಟ್ಟೆ. ನೀನೂ ಒಂದು ಮುಚ್ಚಿಟ್ಟೆ. ಈಗ ಇಬ್ರೂ ಸರಿಸಮ. ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂತ ಯಾವ ಡ್ರೈವರೂ ಗುಜರಿಗೆ ಹಾಕಲ್ಲ, ಮೊದ್ಲು ಬಾನೆಟ್ ತೆಗೆದು ನೋಡ್ತಾನೆ. ಹೋಗು. ನೋವಿನ ವಿಷಯ ನನಗೆ ಗೊತ್ತಿಲ್ಲ, ಗೊತ್ತಿದೆ ಅಂತ ಸುಳ್ಳು ಹೇಳಲ್ಲ."

ಇನ್ನು ನನ್ನ ಮಾತು. ನೀನು ಪಕ್ಕದಲ್ಲಿ ನಿಂತೂ ಬಾಯಿ ಬಿಡಲಿಲ್ಲ ಎಂದು ಬರೆದಿದ್ದೀಯ. ಹುಟ್ಟುತ್ತಲೇ ಬಾಯಿಗೆ ಮುಚ್ಚಳ ಹಾಕಿಕೊಂಡು ಬಂದವನು ಎಂದು ನಿನಗೆ ಆ ಹೆಸರಿಟ್ಟವಳು ನಾನೇ. ಹಾಗಾಗಿ ನಿನ್ನನ್ನು ಬೈಯುವುದಿಲ್ಲ. ಆದರೆ ಅವಳು? ಅವಳಿಗೆ ಬಾಯಿ ಇತ್ತಲ್ಲ. ಅಷ್ಟು ಜನರ ಮುಂದೆ ನನ್ನಿಂದ ಅಷ್ಟು ಅನ್ನಿಸಿಕೊಂಡು ಸುಮ್ಮನೆ ನಿಂತಳಲ್ಲ. ಅವತ್ತಿನಿಂದ ನಾನು ಅವಳ ಬಗ್ಗೆ ಯಾರ ಯಾರ ಹತ್ತಿರ ಏನೇನು ಹೇಳಿದ್ದೇನೆ ಎಂದು ನಿನಗೆ ಬರೆಯಲಾರೆ.

ಒಂದು ಕೇಳಬೇಕು. ಅಮ್ಮ ಹೋದ ಮೇಲೆ ನೀನು ನನ್ನ ಬಳಿ ಬಂದಾಗ ನಿನಗೆ ಐದು ವರ್ಷ. ನಿನ್ನ ಎರಡೂ ಬೀಜ ಕೆಳಗಿಳಿದಿರಲಿಲ್ಲ. ಶಾಲೆಗೆ ಬಂದ ಡಾಕ್ಟರಮ್ಮ ಬೇಗ ಆಪರೇಷನ್ ಮಾಡಿಸಿ ಎಂದಿದ್ದರು. ನನ್ನ ಕಂಕುಳಲ್ಲಿ ಮೊದಲ ಮಗು, ಹೊಟ್ಟೆಯಲ್ಲಿ ಇನ್ನೊಂದು. ಮುಂದಿನ ವರ್ಷ ಎಂದೆ. ಹಾಗೆಯೇ ಐದು ವರ್ಷ ಹೋಯಿತು. ಕರೆದುಕೊಂಡು ಹೋದಾಗ ನಿನಗೆ ಹತ್ತು. ನಿನ್ನ ಕಾಗದದಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ. ಆ ಹಳೆಯ ಹೊಲಿಗೆಯ ಗುರುತು ನೋಡಿ ಡಾಕ್ಟರು ಏನಾದರೂ ಕೇಳಿದರೇ? ಇದಕ್ಕೆ ಉತ್ತರ ಬರೆ.

ಕಾಯುತ್ತಿರುವ
ಅಕ್ಕ


ಜನವರಿ 30

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಕಿವಿಯವರೆಗೂ ಕೆಂಪಾದೆ. ಭಾವನಿಗೆ ಬರೆದದ್ದನ್ನು ನೀನು ಗಟ್ಟಿಯಾಗಿ ಓದುತ್ತಿರುವ ಚಿತ್ರ ಕಣ್ಣ ಮುಂದೆ ಬಂದು, ಹೊಲಿಯುತ್ತಿದ್ದ ಸೂಜಿ ಹೆಬ್ಬೆರಳಿಗೆ ಚುಚ್ಚಿಕೊಂಡೆ. ಆದರೂ ಈಗ ಎದೆ ಹಗುರ. ಇನ್ನು ಮೇಲೆ ನೇರವಾಗಿ ನಿನಗೇ ಬರೆಯುತ್ತೇನೆ.

ದಿನ ಗೊತ್ತಾಗಿದೆ, ಏಪ್ರಿಲ್ ಏಳು! ಅಲ್ಲಿಯವರೆಗೆ ನನಗೆ ಮಾತ್ರೆ. ಕೊನೆಯ ಹತ್ತು ಹನ್ನೆರಡು ದಿನ ಅವಳಿಗೆ ಹೊಟ್ಟೆಗೆ ಇಂಜೆಕ್ಷನ್. ಏಳನೆಯ ತಾರೀಕು ನನ್ನಲ್ಲಿ ಹುಡುಕುತ್ತಾರೆ, ಎಂಟರಂದು ಅವಳ ಅಂಡಾಣು ತೆಗೆಯುತ್ತಾರೆ. ಸಿಗದಿದ್ದರೆ ಏನು ಎಂದು ನಾವಿಬ್ಬರೂ ಒಂದು ಸಲ ಮಾತಾಡಿದೆವು. ಆಮೇಲೆ ಮಾತಾಡಿಲ್ಲ.

ರಜೆ ಕೇಳಲು ಮೇಸ್ತ್ರಿಯ ಹತ್ತಿರ ಹೋದೆ. ಬಾಯಿಗೆ ಬಂದದ್ದು "ಹರ್ನಿಯಾ". ಅಲ್ಲೇ ಎಡವಟ್ಟಾಯಿತು. ಮೇಸ್ತ್ರಿಗೂ ಹರ್ನಿಯಾ ಆಗಿತ್ತಂತೆ! ಎದುರಿಗೇ ಅಂಗಿ ಎತ್ತಿ ಗುರುತು ತೋರಿಸಿ, "ಯಾವ ಕಡೆ ನಿಂದು? ಎಡಗಡೆನಾ, ಬಲಗಡೆನಾ?" ಎಂದು ಕೇಳಿದರು. ನಾನು "ಎರಡೂ" ಎಂದೆ. "ಭೇಷ್! ಆಮೇಲೆ ನಂಗೆ ತೋರಿಸ್ಬೇಕು, ಯಾರ ಹೊಲಿಗೆ ಚೆನ್ನಾಗಿದೆ ನೋಡೋಣ" ಎಂದರು. ಅಂದಿನಿಂದ ದಿನವೂ ಕೆಮ್ಮಬೇಡ, ಭಾರ ಎತ್ತಬೇಡ ಎಂದು ಕಾಳಜಿ ಮಾಡುತ್ತಾರೆ. ಸುಳ್ಳು ಹೇಳಿ ಇಷ್ಟು ಪ್ರೀತಿ ತೆಗೆದುಕೊಳ್ಳುವುದು ಕಷ್ಟ ಅಕ್ಕ.

ಅವಳ ಕೆಲಸ ಏನು ಎಂದು ನೀನು ಎಂದೂ ಕೇಳಿಲ್ಲ, ಅದಕ್ಕೆ ಹೇಳುತ್ತೇನೆ. ಔಷಧಿ ಕಾರ್ಖಾನೆಯಲ್ಲಿ ಇಂಜೆಕ್ಷನ್ ಸೀಸೆಗಳನ್ನು ನೋಡುವುದು. ಮುಂದೆ ಒಂದು ದೀಪ, ಹಿಂದೆ ಅರ್ಧ ಕಪ್ಪು, ಅರ್ಧ ಬಿಳಿ ಹಲಗೆ. ಸೀಸೆ ಎತ್ತಿ ತಿರುಗಿಸಿ ಕಪ್ಪಿನ ಮುಂದೆ ಐದು ಎಣಿಸುವಷ್ಟು, ಬಿಳಿಯ ಮುಂದೆ ಐದು ಎಣಿಸುವಷ್ಟು ನೋಡಬೇಕು. ಒಳಗೆ ಕೂದಲಿನ ತುಣುಕೋ ಗಾಜಿನ ಪುಡಿಯೋ ಇದ್ದರೆ ಪಕ್ಕಕ್ಕೆ ಇಡಬೇಕು. ಇಡೀ ದಿನ ನೋಡಿದರೂ ಒಂದೋ ಎರಡೋ ಸಿಗುತ್ತವೆ. ಡಾಕ್ಟರು ಲ್ಯಾಬಿನ ಹುಡುಕಾಟದ ಬಗ್ಗೆ ಹೇಳುವಾಗ ನಾನು ಗೋಡೆ ನೋಡುತ್ತಿದ್ದೆ, ಅವಳು ಮಾತ್ರ ಕುರ್ಚಿಯ ತುದಿಗೆ ಬಂದು ಕೇಳುತ್ತಿದ್ದಳು.

ಭಾವನಿಗೆ ಹೇಳು, ಬಾನೆಟ್ ತೆಗೆಸುತ್ತೇನೆ.

ನಿನ್ನ
ಮುಚ್ಚಳ


ಮಾರ್ಚ್ 21

ಮುಚ್ಚಳ,

ನಾನು ಕೇಳಿದ ಒಂದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಬರೆದಿದ್ದೀಯ. ಮೇಸ್ತ್ರಿಯ ಹೊಟ್ಟೆಯ ಸುದ್ದಿ ನನಗೆ ಯಾಕೆ? ಎರಡು ಸಲ ಫೋನಿನಲ್ಲೂ ಕೇಳಲು ಹೋದೆ, ನೀನು "ಇಲ್ಲಿ ಬಿಸಿಲು ಜಾಸ್ತಿ" ಎಂದೆ. ಸ್ಪೀಕರ್ ತೆಗೆದೇ ಕೇಳಿದ್ದೆ.

ಇದರೊಳಗೆ ಮಡಚಿಟ್ಟ ಇನ್ನೊಂದು ಕಾಗದವಿದೆ. ಅದು ಅವಳಿಗೆ. ನೀನು ಓದಬೇಡ. ಬರೆಯಲು ನನಗೆ ಒಂದು ತಿಂಗಳು ಹಿಡಿಯಿತು. ಅವಳು ಹರಿದು ಹಾಕಿದರೂ ಸರಿ, ಓದಿ ಹರಿಯಲಿ.

ಡಾಕ್ಟರು ಏನಂದರು? ಕೆಟ್ಟದ್ದಾದರೂ ಬರೆ. ಗೊತ್ತಿಲ್ಲದೆ ಇರುವುದಕ್ಕಿಂತ ಅದೇ ಮೇಲು.

ಅಕ್ಕ


ಏಪ್ರಿಲ್ 6, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಾಳೆ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯಲ್ಲಿರಬೇಕು. ಚೀಲ ಸಿದ್ಧವಾಗಿದೆ. ಅವಳು ಒಳಗೆ ಏನು ಇಟ್ಟಿದ್ದಾಳೆ ಎಂದು ನೋಡಿ ನಾನು ತೆಗೆಯುತ್ತೇನೆ, ನಾನು ತೆಗೆದದ್ದನ್ನು ಅವಳು ಮತ್ತೆ ಇಡುತ್ತಾಳೆ. ಬೆಳಿಗ್ಗೆಯಿಂದ ಇಬ್ಬರಿಗೂ ಇದೇ ಕೆಲಸ. ಕಾರಣವಿಲ್ಲದೆ ನಗು ಬರುತ್ತಿದೆ.

ನಿನ್ನ ಕಾಗದವನ್ನು ಅವಳು ಕಿಟಕಿಯ ಹತ್ತಿರ ನಿಂತು ಓದಿದಳು. ಎರಡು ಸಲ ಓದಿದಳು. ಅಕ್ಕ ಏನು ಬರೆದಿದ್ದಾಳೆ ಎಂದು ಕೇಳಿದೆ. "ನಿಮಗಲ್ಲ ಬರೆದಿರೋದು" ಎಂದಳು. ಹರಿಯಲಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಡಾಕ್ಟರು ಗುರುತು ನೋಡಿದರು. ಯಾವ ವಯಸ್ಸಿನಲ್ಲಿ ಮಾಡಿಸಿದ್ದು ಎಂದು ಕೇಳಿದರು. ಹತ್ತು ಎಂದೆ. ಇನ್ನೂ ಮೊದಲೇ ಆಗಿದ್ದರೆ ಚೆನ್ನಾಗಿತ್ತು ಎಂದರು. ಇದನ್ನು ನಿನಗೆ ಬರೆಯಲಾಗದೆ ಸುಮ್ಮನಿದ್ದೆ. ಆದರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ ಅಕ್ಕ. ಮೊನ್ನೆ ನಾನೇ ಧೈರ್ಯ ಮಾಡಿ ಪೂರ್ತಿ ಕೇಳಿಕೊಂಡು ಬಂದೆ. "ಕೆಳಗಿಳಿಸದೆ ಹಾಗೇ ಬಿಟ್ಟಿದ್ರೆ ಇವತ್ತು ಹುಡುಕೋಕೆ ಅಲ್ಲಿ ಏನೂ ಉಳೀತಿರ್ಲಿಲ್ಲ. ಬೇರೆ ಕಾರಣದಿಂದ ಸೊನ್ನೆ ಆದವರಿಗಿಂತ, ಆ ಆಪರೇಷನ್ ಆಗಿರೋರಲ್ಲಿ ಸಿಗೋದು ಸ್ವಲ್ಪ ಜಾಸ್ತೀನೇ. ಯಾರು ಕರ್ಕೊಂಡು ಹೋಗಿದ್ರು?" ಎಂದರು. ನಮ್ಮಕ್ಕ ಎಂದೆ. ಅವಳಿಗಾಗ ಎಷ್ಟು ವಯಸ್ಸು ಎಂದು ಕೇಳಿದರು. ಬೆರಳು ಮಡಚಿ ಎಣಿಸಿದಾಗಲೇ ನನಗೂ ತಿಳಿದದ್ದು, ಇಪ್ಪತ್ತಮೂರು. ನನಗೀಗ ಇಪ್ಪತ್ತೊಂಬತ್ತು, ನನ್ನ ಚೀಲ ತುಂಬಲೇ ನನಗೆ ಇನ್ನೊಬ್ಬರು ಬೇಕು.

ಇನ್ನು ಸಾಕು. ನಾಳೆ.

ಮುಚ್ಚಳ


ಏಪ್ರಿಲ್ 10

ಅಕ್ಕಾ,

ಸಿಕ್ಕಿತು! ಸಿಕ್ಕಿತು! ಮೊನ್ನೆ ಫೋನಿನಲ್ಲಿ ಇಷ್ಟೇ ಹೇಳಿ ಇಟ್ಟುಬಿಟ್ಟೆ. ಈಗ ದಿಂಬಿಗೆ ಒರಗಿ ಕೂತು ಪೂರ್ತಿ ಬರೆಯುತ್ತೇನೆ. ಅಕ್ಷರ ಇನ್ನೂ ಕೆಟ್ಟದಾಗಿದ್ದರೆ ಅದು ಐಸ್ ಚೀಲದ ತಪ್ಪು.

ಸೊಂಟಕ್ಕೆ ಚುಚ್ಚಿ ಕೆಳಗೆಲ್ಲ ಮರಗಟ್ಟಿಸಿದರು. ಎದೆಯ ಮೇಲೆ ಹಸಿರು ಪರದೆ. ಆಚೆ ಏನಾಗುತ್ತಿದೆ ಎಂದು ಕಾಣದು, ಆದರೆ ಎಲ್ಲ ಕೇಳುತ್ತಿತ್ತು. ಡಾಕ್ಟರು ದೊಡ್ಡ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು, ಸಣ್ಣಗೆ ಏನೋ ಗುನುಗುತ್ತಾ ಕೆಲಸ ಮಾಡುತ್ತಿದ್ದರು. ಗೋಡೆಯಲ್ಲಿ ಒಂದು ಚಿಕ್ಕ ಕಿಟಕಿ, ಅದರಾಚೆ ಲ್ಯಾಬು. ಇವರು ಒಂದು ಚೂರನ್ನು ಗಾಜಿನ ತಟ್ಟೆಯಲ್ಲಿ ಇಟ್ಟು ಕಿಟಕಿಯಲ್ಲಿ ಕೊಡುವುದು, ಸ್ವಲ್ಪ ಹೊತ್ತಿಗೆ ಅತ್ತ ಕಡೆಯಿಂದ ಒಂದು ಹೆಣ್ಣುದನಿ "ಇಲ್ಲ ಸಾರ್" ಎನ್ನುವುದು. ಬಲಗಡೆ ಮುಗಿಯಿತು. ಎಡಗಡೆ ಶುರುವಾಯಿತು. ಇಪ್ಪತ್ತಮೂರು "ಇಲ್ಲ ಸಾರ್" ಎಣಿಸಿದೆ, ಅಕ್ಕ. ಇಪ್ಪತ್ತಮೂರನೆಯದರ ಹೊತ್ತಿಗೆ ಡಾಕ್ಟರ ಗುನುಗು ನಿಂತಿತ್ತು. ಆಮೇಲೆ ಹೊಲಿಗೆ ಹಾಕಿದರು. ಸೀಟು ಹೊಲಿಯಲು ನಾನು ಹಿಡಿಯುವಂಥದೇ ಬಾಗಿದ ಸೂಜಿ ಎಂದು ಟ್ರೇಯಲ್ಲಿ ನೋಡಿದ್ದೆ. ಪರದೆಯ ಮೇಲಿನಿಂದ ಅವರ ಮುಖ ಬಂತು. "ಚೆನ್ನಾಗಿ ಹುಡುಕಿದ್ದೀವಿ. ಲ್ಯಾಬಲ್ಲಿ ಇನ್ನೊಂದ್ಸಲ ನೋಡ್ತಾರೆ. ಆದ್ರೆ ಜಾಸ್ತಿ ಆಸೆ ಇಟ್ಕೋಬೇಡಿ" ಎಂದರು. ಸರಿ ಸಾರ್ ಎಂದೆ. ಅವರು ಹೋದ ಮೇಲೆ ಛಾವಣಿಯ ದೀಪಗಳನ್ನು ನೋಡುತ್ತಾ ಮಲಗಿದ್ದೆ. ನನ್ನ ಬಗ್ಗೆ ಯೋಚಿಸಲಿಲ್ಲ. ಅವಳ ಹೊಟ್ಟೆಯ ಮೇಲಿನ ಇಂಜೆಕ್ಷನ್ ಗುರುತುಗಳನ್ನು ಯೋಚಿಸಿದೆ.

ಈಗ ಹೇಳುವುದನ್ನು ನಾನು ನೋಡಲಿಲ್ಲ, ಆಮೇಲೆ ಅವಳೂ ಲ್ಯಾಬಿನ ಮೇಡಂ ಕೂಡ ಹೇಳಿದ್ದು. ಅವಳು ಲ್ಯಾಬಿನ ಬಾಗಿಲ ಎದುರಿನ ಬೆಂಚಿನಲ್ಲಿ ಕೂತಿದ್ದಳು. ಮೇಡಂ ಹೊರಗೆ ಬಂದು, ಮುಖಗವಸು ಇಳಿಸಿ, "ಇಲ್ಲೀವರೆಗೂ ಸಿಕ್ಕಿಲ್ಲಮ್ಮ" ಎಂದರು. ಇವಳು ಅಳಲಿಲ್ಲ. ಅವರ ಕಣ್ಣನ್ನೇ ನೋಡಿದಳಂತೆ. ಕೆಂಪಾಗಿದ್ದವಂತೆ.

"ಎಷ್ಟು ಹೊತ್ತಿಂದ ನೋಡ್ತಿದ್ದೀರಿ ಮೇಡಂ?"

"ನಾಲ್ಕು ಗಂಟೆ ಆಯ್ತು."

"ಒಬ್ಬರೇ?"

"ಹೂಂ, ಇವತ್ತು ನಾನೊಬ್ಬಳೇ. ಯಾಕಮ್ಮ?"

"ನಮ್ಮಲ್ಲಿ ಇಪ್ಪತ್ತು ನಿಮಿಷಕ್ಕೆ ಎಬ್ಬಿಸ್ತಾರೆ ಮೇಡಂ, ದೂರದ ಗೋಡೆ ನೋಡಿ ಬಾ ಅಂತ. ಏನೂ ಸಿಗದೆ ನೋಡ್ತಾನೇ ಇದ್ರೆ, ಆಮೇಲಾಮೇಲೆ ಕಣ್ಣು ನೋಡೋಕೆ ಮುಂಚೇನೇ ‘ಇಲ್ಲ’ ಅಂದ್ಬಿಡುತ್ತೆ. ನಂಗೂ ಆಗಿದೆ. ನಿಮ್ಮ ಮೇಲೆ ಅನುಮಾನ ಅಲ್ಲ. ಉಳಿದಿರೋದನ್ನ ನೋಡೋಕೆ ಇನ್ನೆರಡು ಕಣ್ಣು ಹಾಕ್ಸಿ. ನೀವು ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಳ್ಳಿ."

"ನೀವು ಯಾವ ಲ್ಯಾಬಲ್ಲಿದ್ದೀರಿ?"

"ಲ್ಯಾಬಲ್ಲ ಮೇಡಂ. ಸೀಸೆ ನೋಡೋಳು."

ಮೇಡಂ ನಕ್ಕರಂತೆ. ನಿಜವಾಗಿಯೂ ಬೆಂಚಿನಲ್ಲಿ ಇವಳ ಪಕ್ಕ ಕೂತರಂತೆ! ರಕ್ತಪರೀಕ್ಷೆಯ ಕೋಣೆಯ ಹತ್ತಿರ ಬೇರೆ ಕೆಲಸದಲ್ಲಿದ್ದ ತಮ್ಮ ಜೊತೆಯವಳನ್ನು ಕರೆಸಿ ಒಳಗೆ ಕೂರಿಸಿದರು. ದಪ್ಪ ಕನ್ನಡಕದ ಹುಡುಗಿ. ಚೂರುಗಳನ್ನೆಲ್ಲ ಅರೆದು, ಯಂತ್ರದಲ್ಲಿ ತಿರುಗಿಸಿ, ತಳಕ್ಕೆ ಇಳಿದದ್ದನ್ನು ಹನಿ ಹನಿಯಾಗಿ ನೋಡುವುದು ಬಾಕಿ ಇತ್ತು. ಇವರಿಬ್ಬರೂ ಬೆಂಚಿನಲ್ಲಿ ಕೂತು ಎದುರುಗೋಡೆ ನೋಡುತ್ತಾ ಕಣ್ಣಿನ ಕೆಲಸದ ಸುಖದುಃಖ ಮಾತಾಡಿದರಂತೆ. ಆಮೇಲೆ ಮೇಡಂ ಕೂಡ ಒಳಗೆ ಹೋಗಿ, ಸರದಿಯ ಮೇಲೆ ಇಬ್ಬರೂ ನೋಡಿದರು.

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕನ್ನಡಕದ ಹುಡುಗಿ ಒಳಗಿನಿಂದ ಕಿರುಚಿದಳಂತೆ. ನನಗೆ ವಾರ್ಡಿನಲ್ಲಿ ತಿಳಿದದ್ದು ಹೇಗೆ ಗೊತ್ತೇ? ಕಾರಿಡಾರಿನಲ್ಲಿ ಚಪ್ಪಲಿಯ ಸದ್ದು. ನಮ್ಮವಳು ಓಡುವುದನ್ನು ನಾನು ಎಂದೂ ಕೇಳಿರಲಿಲ್ಲ. ಬಾಗಿಲಲ್ಲಿ ನಿಂತು ಒಂದು ಬೆರಳು ಎತ್ತಿದಳು. ಒಂದು! ಅರ್ಧ ಗಂಟೆ ಬಿಟ್ಟು ಮತ್ತೆ ಬಂದು ನಾಲ್ಕು ಬೆರಳು. ಕತ್ತಲಾಗುವ ಮೊದಲು ಏಳು. ಏಳು, ಅಕ್ಕ!

ಮೇಡಂ ಅವಳನ್ನು ಒಳಗೆ ಕರೆದು ಪರದೆಯ ಮೇಲೆ ಒಂದನ್ನು ತೋರಿಸಿದರಂತೆ. ಹೇಗಿದೆ ಎಂದು ಕೇಳಿದೆ. "ತಲೆ ಇದೆ, ಬಾಲ ಇದೆ. ಮೂಲೇಲಿ ಒಂದೇ ಅಲ್ಲಾಡ್ತಾ ನಿಂತಿದೆ, ಯಾರ ಹತ್ರಾನೂ ಮಾತಾಡ್ತಿಲ್ಲ. ನಿಮ್ಮದೇ, ಅನುಮಾನ ಬೇಡ" ಎಂದಳು. ಹೊಲಿಗೆ ನೋಯುವಷ್ಟು ನಕ್ಕೆ.

ಮರುದಿನ ಅವಳ ಒಂಬತ್ತು ಅಂಡಾಣು ಸಿಕ್ಕವು. ಏಳಕ್ಕೆ ಒಂದೊಂದು. ನಿನ್ನೆ ಫೋನ್ ಬಂತು, ಅದರಲ್ಲಿ ಮೂರು ಭ್ರೂಣವಾಗಿವೆ. ಹದಿಮೂರಕ್ಕೆ ಒಂದನ್ನು ಅವಳ ಗರ್ಭದೊಳಗೆ ಬಿಡುತ್ತಾರೆ.

ನಡೆಯುವಾಗ ಬಾತುಕೋಳಿಯಂತೆ ಕಾಣುವ,
ಮುಚ್ಚಳ


ಏಪ್ರಿಲ್ 16

ಮುಚ್ಚಳ,

ನಿನ್ನ ಕಾಗದವನ್ನು ಭಾವನಿಗೆ ಮೂರು ಸಲ ಓದಿ ಹೇಳಿದ್ದೇನೆ. "ಇಲ್ಲ ಸಾರ್" ಬರುವ ಕಡೆ ಪ್ರತಿ ಸಲವೂ ಎದ್ದು ಹೊರಗೆ ಹೋಗುತ್ತಾರೆ, ನಾನು "ನಾಲ್ಕು ಗಂಟೆ ಹತ್ತು ನಿಮಿಷಕ್ಕೆ" ಎಂದು ಓದುವ ಹೊತ್ತಿಗೆ ಒಳಗೆ ಬರುತ್ತಾರೆ. ಮುಂದೇನು ಎಂದು ಗೊತ್ತಿದ್ದರೂ ಹಾಗೆಯೇ.

ಆರನೆಯ ತಾರೀಕಿನ ಕಾಗದ ನನ್ನ ದಿಂಬಿನ ಕೆಳಗಿದೆ. ಅದನ್ನು ಅವರಿಗೆ ಓದಿಲ್ಲ. ಅದು ನನ್ನದು.

ಹದಿಮೂರರಂದು ಅವಳೇ ಫೋನ್ ಮಾಡಿದ್ದಳು. ಎತ್ತುತ್ತಲೇ "ಸ್ಪೀಕರ್ ತೆಗೀರಿ ಅತ್ತಿಗೆ" ಎಂದಳು. ತೆಗೆದೆ. ಒಂದು ಗಂಟೆ ಮಾತಾಡಿದೆವು. ಏನು ಎಂದು ಕೇಳಬೇಡ.

ಅಕ್ಕ


ಏಪ್ರಿಲ್ 27

ಪ್ರೀತಿಯ ಅಕ್ಕ, ಭಾವ,

ರಕ್ತಪರೀಕ್ಷೆಯ ಫಲಿತಾಂಶ ಮೊನ್ನೆ ಬಂತು. ಆಗಿದೆ.

ನಾನು ಸೀಟಿನ ಚೌಕಟ್ಟಿಗೆ ಬಟ್ಟೆ ಎಳೆದು ಕಟ್ಟುತ್ತಿದ್ದಾಗ ಅವಳ ಫೋನ್ ಬಂತು. ಅವಳು ಹೇಳಿದ್ದು ಒಂದೇ ಮಾತು, "ಇದೆ". ನಾನು ಕೂಗಿದೆನಂತೆ. ನನಗೆ ನೆನಪಿಲ್ಲ. ಹೊಲಿಗೆ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಮೇಸ್ತ್ರಿ ಓಡಿ ಬಂದು "ಏನಾಯ್ತೋ, ಹೊಲಿಗೆ ಬಿಚ್ಚಿತಾ?" ಎಂದರು. ಹನ್ನೊಂದು ಜನ ಸುತ್ತ ನಿಂತಿದ್ದರು. "ಹರ್ನಿಯಾ ಅಲ್ಲ ಮೇಸ್ತ್ರಿ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ, ಸೊನ್ನೆಯಿಂದ ಶುರು ಮಾಡಿ. ತೊಂದರೆ ನನ್ನಲ್ಲಿತ್ತು, ಅವಳಲ್ಲಿ ಅಲ್ಲ ಎನ್ನುವುದನ್ನು ಎರಡು ಸಲ ಹೇಳಿದೆ. ಯಾರೂ ನಗಲಿಲ್ಲ. ಮೇಸ್ತ್ರಿ ಮಾತ್ರ ಬೇಜಾರಿನಿಂದ, "ಹಾಗಾದ್ರೆ ಗುರುತು ತೋರಿಸೋ ಹಾಗಿಲ್ಲ ಅನ್ನು" ಎಂದರು. ಸಂಜೆ ಎಲ್ಲರೂ ಮನೆಗೆ ಹೊರಟ ಮೇಲೆ, ಕತ್ತರಿ ಕೆಲಸದವರಲ್ಲಿ ಒಬ್ಬರು ಹಿಂದೆ ಉಳಿದು, ಆ ಡಾಕ್ಟರ ವಿಳಾಸ ಬರೆದುಕೊಡು ಎಂದು ಮೆಲ್ಲಗೆ ಕೇಳಿದರು. ಬರೆದುಕೊಟ್ಟೆ.

ಇನ್ನೂ ತುಂಬಾ ಎಳೆಯದು, ಮೂರು ವಾರ ಬಿಟ್ಟು ಎದೆಬಡಿತ ಕಂಡ ಮೇಲೆ ಸಂತೋಷ ಪಡಿ ಎಂದು ಡಾಕ್ಟರು ಹೇಳಿದ್ದಾರೆ. ನಮಗೆ ಅಷ್ಟು ತಡೆಯಲು ಆಗುತ್ತಿಲ್ಲ. ಅವಳಂತೂ ಬಹಳ ಗಂಭೀರ, ಏನೂ ಆಗದವಳಂತೆ ನಾಳೆಯಿಂದ ಕೆಲಸಕ್ಕೆ ಹೋಗುತ್ತೇನೆ ಎನ್ನುತ್ತಾಳೆ. ಅದಕ್ಕೇ ಈ ಬೆಳಿಗ್ಗೆ ಅವಳು ಏಳುವ ಮೊದಲು ಅವಳ ಕಾರ್ಖಾನೆಯ ನೀಲಿ ಕೋಟನ್ನು ಮೊಳೆಯಿಂದ ತೆಗೆದು, ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ನಾಲ್ಕು ನಾಲ್ಕು ಬೆರಳು ಅಗಲ ಬಿಟ್ಟು ಮತ್ತೆ ಹೊಲಿದಿಟ್ಟೆ.

ನಿಮ್ಮ
ಮುಚ್ಚಳ